ಕಾಯಿ ಯಾಕ ಏಳ್ತದ?

ನನ್ನ ಬಾಯಿ ಮೊದಲಿನಿಂದಲೂ ಚುರುಕು. ಸಿಂಧನೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಜಿ ಹಿಡಿದು ಹದಿನೆಂಟು ವರ್ಷವಾಯಿತು. ನಿನ್ನ ಸೂಜಿಗಿಂತ ಮಾತೇ ಜಾಸ್ತಿ ಚುಚ್ಚುತ್ತದೆ ಎಂದು ಗಂಡ ಆಗಾಗ ಹೇಳುತ್ತಾನೆ. ಅದು ಹೊಗಳಿಕೆ ಎಂದೇ ನಾನು ತಿಳಿದಿದ್ದೆ.

ಮಧ್ಯಾಹ್ನ ಲ್ಯಾಬು ಖಾಲಿಯಾದಾಗ ಮೊಬೈಲಿನಲ್ಲಿ ಒಂದು ಗ್ರೂಪು ತೆರೆದು ಕೂಡುತ್ತಿದ್ದೆ. ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ನಾನೂರು ಜನ ಅದರಲ್ಲಿ. ರಾಜಕೀಯ ಬೇಡ, ಜಾತಿ ಬೇಡ, ಬರೇ ಪ್ರಶ್ನೆ ಕೇಳಬೇಕು, ಅದೊಂದೇ ನಿಯಮ. ಕೇಳುತ್ತಿದ್ದರು ನೋಡಿ! ಮೊಬೈಲ್ ಟವರಿನಿಂದ ಗುಬ್ಬಿ ಸಾಯುತ್ತವೆಯೇ? ನೋಟು ಛಾಪಿಸುವುದು ಸರ್ಕಾರವೇ ಆದರೆ ಎಲ್ಲರಿಗೂ ಹಂಚಿ ಕೈತೊಳೆದುಕೊಳ್ಳಬಾರದೇಕೆ? ರೊಕ್ಕ ಕಳಿಸುವ ಆ್ಯಪಿನವರು ಪುಕ್ಕಟೆ ಕೆಲಸ ಮಾಡಿಕೊಟ್ಟು ತಾವು ಏನು ತಿನ್ನುತ್ತಾರೆ? ಬಳಗಾನೂರಿನ ಕಡೆಯ ಒಬ್ಬ ಟ್ರ್ಯಾಕ್ಟರ್ ಚಾಲಕ, ಒಬ್ಬ ಆಕಳಿಸಿದರೆ ಎದುರಿಗೆ ಕೂತವನಿಗೂ ಆಕಳಿಕೆ ಯಾಕೆ ಬರುತ್ತದೆ ಎಂದು ಕೇಳಿ, ಅದನ್ನು ಓದಿದವರೆಲ್ಲ ಆಕಳಿಸುವಂತೆ ಮಾಡಿದ್ದ.

ನಾನು ಉತ್ತರ ಕೊಡುವವಳು. ಹುಡುಕಿ, ಓದಿ, ಸರಳ ಮಾಡಿ ಬರೆಯುತ್ತಿದ್ದೆ. ಹೆಸರು ಹಾಕಿರಲಿಲ್ಲ, ಮುಖದ ಜಾಗದಲ್ಲಿ ಮೈಕ್ರೋಸ್ಕೋಪಿನ ಚಿತ್ರ ಇಟ್ಟಿದ್ದೆ. ಇಷ್ಟೆಲ್ಲ ತಿಳಿದವರು ಗಂಡಸೇ ಇರಬೇಕೆಂದು ಎಲ್ಲರೂ ‘ಸರ್’ ಎನ್ನುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ಹಾಗೆ ಅನ್ನಿಸಿಕೊಳ್ಳುವುದು ಹಿತವಾಗಿತ್ತು. ಲ್ಯಾಬಿನಲ್ಲಿ ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ರಿಪೋರ್ಟ್ ಯಾವಾಗ ಕೊಡ್ತಿ ಎನ್ನುತ್ತಿದ್ದರು, ಅಷ್ಟೇ.

ಹೋದ ಬೇಸಿಗೆಯಲ್ಲಿ ಲಿಂಗಸುಗೂರಿನವರೊಬ್ಬರು ಬರೆದರು: ‘ಬೋರ್ ಹಾಕಿಸೋ ಮುಂದ ತೆಂಗಿನಕಾಯಿ ಅಂಗೈಮ್ಯಾಲ ಇಟ್ಕೊಂಡು ಹೊಲದಾಗ ಅಡ್ಡಾಡ್ತಾರಲ್ರೀ, ನೀರಿದ್ದಲ್ಲಿ ಕಾಯಿ ಎದ್ದು ನಿಲ್ತದ ಅಂತಾರ. ಯಾಕ ಏಳ್ತದ್ರಿ ಅದು?’ ಓ ಪಾಸಿಟಿವ್ ರಕ್ತ ಇದ್ದವರಿಗೆ ಮಾತ್ರ ಏಳುತ್ತದೆ ಎಂದು ಇನ್ನೊಬ್ಬ ಉತ್ತರ ಕೊಟ್ಟ.

ರಕ್ತದ ಮಾತು ಬಂತಲ್ಲ, ನನಗೆ ಮೈಯೆಲ್ಲ ಉರಿಯಿತು. ದಿನಾ ಎಷ್ಟೋ ಓ ಪಾಸಿಟಿವ್ ನೋಡುತ್ತೇನೆ, ಅವರೆಲ್ಲ ನೀರು ತೋರಿಸುವಂತಿದ್ದರೆ ಮಸ್ಕಿಯ ಆಚೆ ಒಂದು ಬೋರೂ ಒಣಗುತ್ತಿರಲಿಲ್ಲ ಎಂದು ಶುರು ಮಾಡಿದೆ. ಕಾಯಿ ದುಂಡಗಿದೆ, ಅಂಗೈ ಕೂದಲೆಳೆಯಷ್ಟು ವಾಲಿದರೂ ಅದು ಏಳುತ್ತದೆ. ಇಲ್ಲಿ ನೀರಿದ್ದೀತು ಎಂದು ಮನಸ್ಸಿಗೆ ಅನ್ನಿಸಿದರೆ ಸಾಕು, ಕೈ ತಾನೇ ವಾಲುತ್ತದೆ. ವಾಲಿದ್ದು ಹಿಡಿದವನಿಗೂ ಗೊತ್ತಾಗುವುದಿಲ್ಲ. ಇಷ್ಟು ಬರೆದು ನಿಲ್ಲಿಸಿದ್ದರೆ ಆಗುತ್ತಿತ್ತು. ನನ್ನ ಬಾಯಿ ಸುಮ್ಮನಿರಬೇಕಲ್ಲ! ಕೊನೆಗೆ ಸೇರಿಸಿದೆ: ‘ಕಣ್ಣಿಗೆ ಬಟ್ಟೆ ಕಟ್ಟಿ ಅದೇ ಹೊಲದಲ್ಲಿ ಮೂರು ಸಲ ನಡೆಸಿರಿ. ಇವರ ಬಣ್ಣ ಬಯಲಾಗುತ್ತದೆ.’ ಎಲ್ಲರೂ ಹೆಬ್ಬೆರಳೆತ್ತಿ ಮೆಚ್ಚಿದ್ದೇ ಮೆಚ್ಚಿದ್ದು.

ಬರೆಯುವಾಗ ಅಪ್ಪನ ನೆನಪಾಗಲಿಲ್ಲವೇ? ಆಯಿತು. ಅದನ್ನು ಮುಚ್ಚಿಡುವುದಿಲ್ಲ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋಗುವಾಗ ಸಿಗುವ ನಮ್ಮೂರಿನಲ್ಲಿ ನಲವತ್ತು ವರ್ಷ ನೀರು ನೋಡಿದವನು ನನ್ನ ಅಪ್ಪ. ಕಾಲುವೆ ಸಿಂಧನೂರಿನವರ ಪಾಲಿಗೆ. ನಮ್ಮ ಕಡೆಯವರಿಗೆ ನೆಲ ಕೊರೆಯುವುದೇ ಗತಿ. ಕರೆಯಲು ಬಂದವರು ಅಪ್ಪನ ಕಾಲು ಮುಟ್ಟಿ ಕರೆದೊಯ್ಯುತ್ತಿದ್ದರು. ಅವನು ರೊಕ್ಕ ಮುಟ್ಟುತ್ತಿರಲಿಲ್ಲ, ನೀರು ನೋಡಿದ ಕಾಯಿಯನ್ನು ಮಾತ್ರ ಮನೆಗೆ ತರುತ್ತಿದ್ದ. ನಾವು ಉಂಡ ಚಟ್ನಿಯೆಲ್ಲ ಆ ಕಾಯಿಯದೇ. ನೀರು ಬಿದ್ದ ಬೋರುಗಳನ್ನು ಊರು ನೆನಪಿಟ್ಟುಕೊಂಡಿತ್ತು, ಬೀಳದ್ದನ್ನು ಅವರವರ ಹಣೆಬರಹ ಎಂದು ಬಿಟ್ಟಿತ್ತು.

ಏಳೆಂಟು ವರ್ಷದವಳಿದ್ದಾಗ ಅವನ ಬೆನ್ನು ಹತ್ತಿ ಒಂದು ಹೊಲಕ್ಕೆ ಹೋಗಿದ್ದೆ. ಅಂಗೈ ಮೇಲೆ ಅಡ್ಡ ಮಲಗಿದ್ದ ಕಾಯಿ ಮೆಲ್ಲಗೆ ಎದ್ದು ನಿಂತಿತು. ‘ಅಪ್ಪಾ, ಯಾಕ ಏಳ್ತದ?’ ಎಂದೆ. ಅಪ್ಪ ತನ್ನ ಅಂಗೈಯನ್ನೇ ಸ್ವಲ್ಪ ಹೊತ್ತು ನೋಡಿಕೊಂಡ. ‘ನನಗೂ ಗೊತ್ತಿಲ್ಲ ಯವ್ವಾ. ನೀ ಸಾಲಿ ಓದಿ ಬಂದು ನನಗ ಹೇಳು’ ಎಂದ. ಓಣಿಯ ಬೇರೆ ಹುಡುಗಿಯರನ್ನು ಏಳನೆಯ ತರಗತಿಗೇ ಬಿಡಿಸಿದರು. ನನ್ನನ್ನು ದಿನಾ ತಾನೇ ಬಸ್ಸು ಹತ್ತಿಸಿ ಓದಿಸಿದ.

ಓದಿದ ಮೇಲೆ ಅವನಿಗೆ ಹೇಳಿದೆನೇ? ಇಲ್ಲ. ಅಪ್ಪನಿಗೆ ಇದೆಲ್ಲ ಏನು ತಿಳಿದೀತು ಎಂಬ ಸೊಕ್ಕು. ಅದರ ಮೇಲೆ ನಾಚಿಕೆ ಬೇರೆ. ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಲ್ಯಾಬಿನಲ್ಲಿ ಯಾರಾದರೂ ಕೇಳಿದರೆ ಒಕ್ಕಲುತನ ಎಂದು ಮಾತು ಮುಗಿಸುತ್ತಿದ್ದೆ.

ನನ್ನ ಉತ್ತರ ಹಾಕಿ ಹದಿನೈದು ದಿನವಾಗಿತ್ತು, ಗ್ರೂಪಿಗೆ ಒಂದು ವಿಡಿಯೋ ಬಂತು. ಹೊಲದಲ್ಲಿ ಹತ್ತಾರು ಜನ, ನಡುವೆ ಕಣ್ಣಿಗೆ ಟವೆಲ್ಲು ಕಟ್ಟಿಸಿಕೊಂಡ ಒಬ್ಬ ಮುದುಕ. ಅರ್ಧ ಮುಖ ಮುಚ್ಚಿತ್ತು. ಆದರೆ ಕಾಯಿ ಹಿಡಿದ ಕೈಯ ಹೆಬ್ಬೆರಳಿಗೆ ಉಗುರಿರಲಿಲ್ಲ. ಮೇವು ಕತ್ತರಿಸುವಾಗ ಹೋದ ಉಗುರು ಅದು. ಅವತ್ತು ಆ ರಕ್ತ ಒರೆಸಿದವಳು ನಾನೇ.

ಮೊದಲ ಸಲ ಕಾಯಿ ಬೇವಿನ ಗಿಡದ ಹತ್ತಿರ ಎದ್ದಿತು. ಅಲ್ಲೊಂದು ಕಲ್ಲಿಟ್ಟರು. ಅಪ್ಪನನ್ನು ಎರಡು ಸುತ್ತು ತಿರುಗಿಸಿ ಮತ್ತೆ ಬಿಟ್ಟರು. ಎರಡನೆಯ ಸಲ ಬದುವಿನ ಮೇಲೆ ಎದ್ದಿತು, ಮೂರನೆಯ ಸಲ ಬಂಡಿ ದಾರಿಯ ನಡುವೆ. ‘ದಾರ್ಯಾಗ ಬೋರ್ ಹೊಡಸ್ರಲೇ, ಹೋಗೋ ಬರೋರಿಗೆಲ್ಲ ನೀರಾಗ್ತದ!’ ಎಂದು ಯಾರೋ ಕೂಗಿದ, ಎಲ್ಲರೂ ಬಿದ್ದು ಬಿದ್ದು ನಕ್ಕರು. ಟವೆಲ್ಲು ಬಿಚ್ಚಿದಾಗ ಅಪ್ಪ ಮೂರೂ ಕಲ್ಲುಗಳನ್ನು ಒಂದಾದ ಮೇಲೊಂದು ನೋಡಿದ. ಆಮೇಲೆ ಕಾಯಿಯನ್ನು ನೆಲದ ಮೇಲಿಟ್ಟ.

ವಿಡಿಯೋದ ಕೆಳಗೆ ಸಾಲು ಸಾಲು ಮಾತು. ‘ಕಳ್ಳ ಮುದುಕ.’ ‘ಎಷ್ಟು ಮಂದಿ ಮನಿ ಮುಳುಗಿಸ್ಯಾನೋ ಏನೋ.’ ‘ಸರ್, ನೀವು ಹೇಳಿದಂಗೇ ಆತು ನೋಡ್ರಿ!’ ಅವನು ಕಳ್ಳನಲ್ಲ, ನನ್ನ ಅಪ್ಪ ಎಂದು ಬರೆಯಲು ಎಷ್ಟು ಹೊತ್ತು ಬೇಕಿತ್ತು? ಬೆರಳು ಏಳಲಿಲ್ಲ. ಕೈಮುಗಿದ ಚಿತ್ರವೊಂದನ್ನು ಕಳಿಸಿ ಮೊಬೈಲನ್ನು ಡ್ರಾಯರಿಗೆ ಹಾಕಿದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಬೀಳಲಿ. ಆ ಕೈಮುಗಿದ ಚಿತ್ರ ಇವತ್ತಿಗೂ ಅಲ್ಲೇ ಇದೆ.

ರವಿವಾರ ಬಸ್ಸು ಹತ್ತಿ ಊರಿಗೆ ಹೋದೆ. ಅಪ್ಪ ಕಟ್ಟೆಯ ಮೇಲೆ ಕೂತು ಪುಂಡಿ ನಾರಿನ ಹಗ್ಗ ಹೊಸೆಯುತ್ತಿದ್ದ. ತಮ್ಮನ ಹೆಂಡತಿ ಚಹಾ ತಂದಿಟ್ಟು, ವಾರದಿಂದ ಮಾವ ಮನೆ ಬಿಟ್ಟು ಹೊರಗೆ ಹೋಗಿಲ್ಲ ಎಂದು ಮೆಲ್ಲಗೆ ಹೇಳಿ ಒಳಗೆ ಹೋದಳು.

‘ಬಾ ಯವ್ವಾ. ವಿಡಿಯೋ ನೋಡಿದೇನು?’ ಎಂದು ಅಪ್ಪನೇ ಕೇಳಿದ.

‘ನೋಡೀನಿ.’

‘ಕಣ್ಣು ಕಟ್ಟತೀವಿ ಅಂದ್ರು. ಕಟ್ರಿ, ನನಗೂ ನೋಡಬೇಕಾಗೇದ ಅಂದೆ. ಯಾರೂ ಒತ್ತಾಯ ಮಾಡ್ಲಿಲ್ಲ.’ ಹಗ್ಗವನ್ನು ಬದಿಗಿಟ್ಟ. ‘ನಿಮ್ಮ ಸಿಂಧನೂರಾಗ ಯಾರೋ ಒಬ್ಬ ಸರ್ ಅದಾರಂತ. ಅವರು ಬರದದ್ದು ನನಗ ಓದಿ ಹೇಳಿದ್ರು. ಛಲೋ ಬರದಾರ. ಕೈ ವಾಲಿದ್ದು ಹಿಡಿದಾವಗೂ ಗೊತ್ತಾಗಂಗಿಲ್ಲ ಅಂತ. ಖರೇ ಅದ, ನನಗ ಗೊತ್ತಾಗಿಲ್ಲ. ಆದರ ಕೆಳಗ ಬಣ್ಣ ಬಯಲಾಗ್ತದ ಅಂತ ಯಾಕ ಬರದಾರ? ನನಗೇ ಗೊತ್ತಿಲ್ಲದ್ದು ಮೋಸ ಹ್ಯಾಂಗ ಆಗ್ತದ? ಆ ಸರ್ ಎಲ್ಲಿಯಾದರೂ ಸಿಕ್ಕರ ಇದೊಂದು ಕೇಳು.’

ಕೇಳುತ್ತೇನೆ ಎಂದು ಹೇಳಿ ಎದ್ದು ಬರಬಹುದಿತ್ತು. ಅಷ್ಟು ನೀಚಳಾಗಲು ಆಗಲಿಲ್ಲ.

‘ಆ ಸರ್ ನಾನೇ, ಅಪ್ಪಾ.’

ಅಪ್ಪ ನನ್ನನ್ನು ನೋಡಿದ. ಬೈಯಲಿ, ಹೊಡೆಯಲಿ ಎಂದು ಕಾದೆ. ನಿನ್ನನ್ನು ಕುರಿತು ಬರೆದದ್ದಲ್ಲ, ಯಾರೋ ಕೇಳಿದ್ದಕ್ಕೆ ಬರೆದದ್ದು ಎಂದು ಏನೇನೋ ತೊದಲಿದೆ. ಅವನು ಅದನ್ನು ಕೇಳಿಸಿಕೊಂಡಂತೆ ಕಾಣಲಿಲ್ಲ. ಉಗುರಿಲ್ಲದ ಹೆಬ್ಬೆರಳಿನ ಆ ಅಂಗೈಯನ್ನು ತೆರೆದು ನೋಡಿಕೊಂಡ.

‘ಆ ಗ್ರೂಪಿನ್ಯಾಗ ಎಷ್ಟು ಮಂದಿ ಅದಾರ?’ ಎಂದ.

‘ನಾಕ್ನೂರು.’

‘ಸಾಲಿ ಓದಿ ಬಂದು ನನಗ ಹೇಳು ಅಂದಿದ್ದೆ ಯವ್ವಾ. ನೀ ನಾಕ್ನೂರು ಮಂದಿಗೆ ಹೇಳಿ, ಆಮ್ಯಾಲ ಬಂದಿ.’