ಕುಷ್ಟಗಿ ಅಂಗಡಿಯ ಪರೀಕ್ಷೆ

ಸಫೇದಾದ ಡಬ್ಬಿ ತೆರೆದಾಗಿನ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಪೈಪಿನ ತಿರುಪಿಗೆ ಸಣಬಿನ ನಾರು ಸುತ್ತಿ, ಮೇಲೆ ಈ ಬಿಳಿ ಲೇಪ ಬಳಿದರೆ ನೀರು ಸೋರುವುದಿಲ್ಲ. ಈಗ ಟೇಪು ಬಂದಿದೆ, ಇದನ್ನು ಕೇಳುವವರಿಲ್ಲ. ಇವತ್ತು ಕೊಪ್ಪಳದ ನನ್ನ ಅಂಗಡಿಯಲ್ಲಿ ಸೊಸೆ ಸವಿತಾ ಪೈಪು ಮೂಲೆ ತಿರುಗಿಸುವ ಎಂಥದೋ ಎಲ್ಬೊ ಹುಡುಕುತ್ತ ಹಳೆಯ ಡಬ್ಬಿಯೊಂದನ್ನು ಕೆಡವಿದಳು. ಗಿರಾಕಿ ಕಾಯುತ್ತಿದ್ದ. ಎಲ್ಬೊ ಎಲ್ಲಿದೆಯೆಂದು ಹೇಳಲು ಬಾಯಿ ತೆರೆದೆ. ಆ ವಾಸನೆಯ ಜೊತೆ ರಾಜಾಸಾಬ ನೆನಪಾಗಿ ಬಂದು ಎದುರಿಗೆ ಕೂತ.

ಎಪ್ಪತ್ತರ ದಶಕದ ಕೊನೆ ಇರಬೇಕು. ಕಾಲುವೆ ನೀರಿಗೆ ಭತ್ತ ಬೆಳೆದವರಿಗೆಲ್ಲ ಬಚ್ಚಲೊಳಗೆ ನಳ ಬೇಕು, ನೀರು ಕಾಯಿಸಲು ತಾಮ್ರದ ಬಂಬ ಬೇಕು ಅನ್ನಿಸತೊಡಗಿದ ಕಾಲ. ಗಂಗಾವತಿಯಲ್ಲಿ ವೀರಭದ್ರಪ್ಪ ಸಾವ್ಕಾರರ ಪೈಪಿನ ಅಂಗಡಿ. ನಾನು ಅಲ್ಲಿ ಬಿಲ್ಲು ಬರೆಯುವವನು. ಮಾಲು ಕೊಡುವವನು ರಾಜಾಸಾಬ. ಎಲ್ಬೊದಂಥ ಬಿಡಿಭಾಗ ತುಂಬಿದ ಚೀಲಗಳ ಮೇಲೆ ಗುರುತಿಲ್ಲ. ಅಲ್ಲಾಡಿಸಿ, ಸದ್ದು ಕೇಳಿ, ಅರ್ಧ ಇಂಚೋ ಮುಕ್ಕಾಲೋ ಹೇಳುತ್ತಿದ್ದ. ಅವನಿಗೆ ಜ್ವರ ಬಂದರೆ ಅಂಗಡಿಗೇ ಜ್ವರ.

ಸಾವ್ಕಾರರು ಕುಷ್ಟಗಿಯಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ರಾಜಾಸಾಬನಿಗೆ ಅದನ್ನು ನಡೆಸುವ ಗಾದಿ ಬೇಕಿತ್ತು. ಹೆಂಡತಿಗೆ ಆಗಲೇ ಹೇಳಿಯೂ ಬಿಟ್ಟಿದ್ದ.

"ನೀ ಹ್ವಾದ್ರ ಇಲ್ಲಿ ಯಾರದಾರ?" ಸಾವ್ಕಾರರು ಕೇಳಿದರು.

"ಯಾರೂ ಇಲ್ರಿ!" ಎದೆ ಉಬ್ಬಿಸಿ ಹೇಳಿದ.

"ಹಂಗಾರ ಹೆಂಗ ಕಳಸ್ಲೋ ಮಾರಾಯ?"

ಪೈಪು ಇಳಿಸುವ ಫಕೀರಪ್ಪನಿಗೆ ರಾಜಾಸಾಬನ ಪಾಠ ಶುರುವಾಯಿತು. ಪಾಠಕ್ಕಿಂತ ಬೈಗುಳವೇ ಹೆಚ್ಚು. ಕೊನೆಗೆ ಸಾವ್ಕಾರರು ಒಂದು ಷರತ್ತು ಹಾಕಿದರು: "ಬರೋ ಸಂತಿ ದಿನ ಫಕೀರಪ್ಪ ಅಂಗಡಿ ನಡಸ್ಲಿ. ನೀ ಎದುರಿನ ಚಾದಂಗಡಿ ಕಟ್ಟಿ ಮ್ಯಾಲ ಕುಂಡ್ರು. ಬಾಯಿ ಬಿಟ್ಟಿ, ಕುಷ್ಟಗಿ ಮರ್ತುಬಿಡು."

ಸಂತೆಯ ದಿನ ರಾಜಾಸಾಬ ಬಾಯಿ ತುಂಬ ಎಲೆ ಅಡಿಕೆ ತುರುಕಿಕೊಂಡು ಕೂತಿದ್ದ. ಅಥವಾ ಬಾಯಿಗೆ ಹಸಿರು ಮಫ್ಲರು ಸುತ್ತಿಕೊಂಡಿದ್ದ. ನನಗೆ ಎರಡೂ ಕಾಣುತ್ತವೆ. ಸುಡು ಬೇಸಿಗೆಯಲ್ಲಿ ಮಫ್ಲರು ಎಲ್ಲಿಂದ ಬಂತು? ಆಮೇಲೆ ನೆನಪಿನಲ್ಲಿ ನಾನೇ ಸುತ್ತಿರಬೇಕು. ಎಲೆಯನ್ನೂ ಪೂರ್ತಿ ನಂಬಬೇಡಿ.

ಹಿಟ್ನಾಳದ ಮುದುಕಿಯೊಬ್ಬಳು ಬಂದಳು. "ಬಂಬಕ್ಕ ಕೂಡ್ಸೋ ಎಲ್ಬೊ ಕೊಡಪಾ. ನಾಳೆ ಬೀಗರು ಬರ್ತಾರ." ಫಕೀರಪ್ಪ ಮುಕ್ಕಾಲು ಇಂಚಿನದೊಂದು ಕೊಟ್ಟ. ಆ ಬಂಬ ಮಾರಿದವನು ರಾಜಾಸಾಬನೇ. ಅದಕ್ಕೆ ಬೇಕಾದದ್ದು ಒಂದು ಬಾಯಿ ಮುಕ್ಕಾಲು, ಇನ್ನೊಂದು ಅರ್ಧ ಇಂಚು ಇರುವಂಥದು. ಅವಳ ಕೈಯೊಳಗಿನದನ್ನು ನೋಡಿ ಧಡಕ್ಕನೆ ಎದ್ದ. ಗಾದಿಯ ಮೇಲಿದ್ದ ಸಾವ್ಕಾರರು ಅವನನ್ನೇ ನೋಡುತ್ತಿದ್ದರು. ಮುದುಕಿ ಬಸ್ಸು ಹತ್ತಿದಳು. ಅವನು ಕೂತ.

ಮಧ್ಯಾಹ್ನ ಅವಳು ತಿರುಗಿ ಬಂದಳು. "ಏನಪಾ, ಬೀಗರಿಗೆ ಇದನ್ನ ತೋರ್ಸಿ ಜಳಕ ಮಾಡ್ರಿ ಅನ್ಲೇನು?"

ಫಕೀರಪ್ಪ ಎದುರುಗಡೆ ಕಣ್ಣೆತ್ತಿಯೂ ನೋಡಲಿಲ್ಲ. "ತಪ್ಪಾತ್ ಬೇ ಯವ್ವಾ. ಎರಡೂ ಬಾಯಿ ಒಂದ ಅಳತಿ ಬೇಕೇನು ಅಂತ ಕೇಳ್ಬೇಕಿತ್ತು ನಾ." ಚೀಲಗಳನ್ನೆಲ್ಲ ನೆಲಕ್ಕೆ ಸುರಿದು ಸರಿಯಾದದ್ದನ್ನು ಹುಡುಕಿ ಕೊಟ್ಟ. ಮತ್ತೆ ತುಂಬುವಾಗ ಪ್ರತಿ ಚೀಲದ ಬಾಯಿಗೂ ಅದರೊಳಗಿನ ಒಂದೊಂದು ತುಂಡನ್ನು ತಂತಿಯಿಂದ ಕಟ್ಟಿದ. ಇಷ್ಟು ವರ್ಷ ರಾಜಾಸಾಬನಿಗೆ ಅಂಥ ಗುರುತು ಬೇಕಾಗಿರಲಿಲ್ಲ. ಆದ್ದರಿಂದ ಯಾರಿಗೂ ಹೊಳೆದಿರಲಿಲ್ಲ.

ಸಂಜೆ ರಾಜಾಸಾಬ ಒಳಗೆ ಬಂದು ಆ ಚೀಲಗಳ ಮುಂದೆ ನಿಂತ. ಕಟ್ಟಿದ ತುಂಡೊಂದನ್ನು ತಿರುಗಿಸಿ ನೋಡಿ, "ಸಾವ್ಕಾರ್ರ, ಈಗ ಮಾತಾಡ್ಲೇನ್ರಿ?" ಅಂದ.

"ಮಾತಾಡು."

"ತಂತಿ ಒಂದೀಟು ಕುಷ್ಟಗಿಗೂ ಬೇಕಾಕ್ಕೈತ್ರಿ."

ಸಾವ್ಕಾರರು ಕುಷ್ಟಗಿಯ ಬೀಗದಕೈ ತೆಗೆದು ಅವನ ಮುಂದೆ ಇಟ್ಟರು.

ಮುದುಕಿ ಬಸ್ಸು ಹತ್ತಿದಾಗ ಅವನಿಗೆ ಏನನ್ನಿಸಿತ್ತು? ನಾನು ಕೇಳಲೇ ಇಲ್ಲ. ಇವತ್ತು ಸ್ವಲ್ಪ ಗೊತ್ತಾಗುತ್ತಿದೆ. ಎಲ್ಬೊ ಇರುವುದು ಏಣಿಯ ಹಿಂದಿನ ಡಬ್ಬಿಯಲ್ಲಿ. ಸವಿತಾ ಮೇಲಿನ ಹಲಗೆ ತಡಕುತ್ತಿದ್ದಾಳೆ.

"ಎಲ್ಲೈತ್ರಿ ಮಾವ?"

ನಾನು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡೆ. ಅವಳು ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಗಿರಾಕಿಯ ಕಡೆ ತಿರುಗಿದಳು. "ಎರಡೂ ಬಾಯಿ ಒಂದ ಅಳತಿ ಬೇಕೇನ್ರಿ?"

ಇದನ್ನು ನಾನು ಅವಳಿಗೆ ಹೇಳಿಕೊಟ್ಟ ನೆನಪಿಲ್ಲ.