ಇಲ್ಲದ ಮೊಮ್ಮಗ

ಒಂದು ಜಲಪಾತ ನೋಡುವುದಕ್ಕೆ ಹೆಂಗಸಿಗೆ ಮೊಮ್ಮಗ ಇರಲೇಬೇಕಾ, ನೀವೇ ಹೇಳಿ? ವಡೋದರಾದ ಮಂಜಲ್‌ಪುರದಲ್ಲಿ ಇಡ್ಲಿ-ದೋಸೆಯ ಹೋಟೆಲ್ ನಡೆಸುತ್ತಿದ್ದ ನನ್ನ ಓರಗಿತ್ತಿ, ಯಾರು ಏನೇ ಅಂದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ "ಅದಕ್ಕೆಂತ?" ಅನ್ನುವವಳು. ನಯಾಗರಾ ನೋಡಲು ಒಬ್ಬಳೇ ಅಮೆರಿಕಕ್ಕೆ ಹೊರಟಳು. ಈ ವಯಸ್ಸಿನಲ್ಲಿ ಸುಮ್ಮನೆ ನೋಡಲು ಅಂದರೆ ಯಾರೂ ನಂಬುವುದಿಲ್ಲ, ಅಲ್ಲಿ ಮೊಮ್ಮಗ ಇದ್ದಾನೆಂದು ಸುಳ್ಳು ಹೇಳಿ ಎಂದು ವೀಸಾ ಏಜೆಂಟ್ ಹೆದರಿಸಿದ. ಇಂಟರ್‌ವ್ಯೂ ಹಿಂದಿನ ದಿನ ನಾನು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಕನ್ನಡಕ ಮೂಗಿಗಿಳಿಸಿ, ವೀಸಾ ಅಧಿಕಾರಿಯಾದೆ.

"ಎಂತಕ್ಕೆ ಹೋಗುದು?"

"ನಯಾಗರಾ ನೋಡ್ಲಿಕ್ಕೆ."

"ಮೊಮ್ಮಗನ್ನ ನೋಡ್ಲಿಕ್ಕೆ ಅನ್ನು ಮಾರಾಯ್ತಿ! ಇಲ್ಲದಿದ್ರೆ ವೀಸಾ ಸಿಕ್ಕುದಿಲ್ಲ."

ಸೆರಗು ಸೊಂಟ ಸೇರಿತು.

"ಅದಕ್ಕೆಂತ, ಅಕ್ಕ? ಈ ಹೋಟೆಲಿಗೆ ಇಷ್ಟು ಜನ ಬಂದ್ರಲ್ಲ, ಯಾಕೆ ಬಂದ್ರಿ ಅಂತ ನಾನು ಒಬ್ಬರನ್ನಾದ್ರೂ ಕೇಳಿದ್ದುಂಟಾ?"