ಕೊಬ್ಬಿನ ಗುಳ್ಳೆಯ ಮೇಷ್ಟ್ರು

ಅವರು ಯಾವುದನ್ನು ನಂಬಿದ್ದರೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು, ಫಾರ್ಮಸಿ ಕಾಲೇಜಿನ ಮೇಷ್ಟ್ರು. ಲಕ್ವ ಹೊಡೆದವರ ಮಿದುಳಿಗೇ ನೇರವಾಗಿ ಔಷಧಿ ತಲುಪಿಸುವುದು ಅವರ ಸಂಶೋಧನೆ. ದೋಸೆ ತಿಂದ ತಟ್ಟೆಗೆ ನೀರು ಸುರಿದು, ತೇಲುವ ಬೆಣ್ಣೆಯ ಗುಳ್ಳೆಗಳನ್ನು ತೋರಿಸುತ್ತಿದ್ದರು.

"ಲೈಪೋಸೋಮ್ ಅಂದ್ರೂ ಇಂಥದ್ದೇ ಕೊಬ್ಬಿನ ಗುಳ್ಳೆ, ಕಣ್ಣಿಗೆ ಕಾಣದಷ್ಟು ಸಣ್ಣದು. ಔಷಧಿನ ಇದರೊಳಗಿಟ್ಟು ಕಳಿಸೋದು. ಎಲ್ಲೆಲ್ಲೋ ಹೋದ್ರೆ ಏನ್ ಬಂತು? ಮಿದುಳಿಗೆ ಮುಟ್ಟಬೇಕಲ್ರಿ!"

ನನಗೆ ತಲೆಬುಡ ತಿಳಿಯುತ್ತಿರಲಿಲ್ಲ.

ಹರಿಹರದ ಊರಮನೆಯಲ್ಲಿದ್ದ ನಮ್ಮಪ್ಪನಿಗೆ ಲಕ್ವ ಹೊಡೆಯಿತು. ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಮೇಷ್ಟ್ರು ನೋಡಲು ಬಂದರು. ಅವ್ವ ಮಾಯಕೊಂಡದ ನಾಟಿ ವೈದ್ಯರಿಂದ ತರಿಸಿದ ಎಣ್ಣೆಯನ್ನು ಅಪ್ಪನ ಸ್ವಾಧೀನವಿಲ್ಲದ ಕೈಗೆ ತಿಕ್ಕುತ್ತಿದ್ದಳು. ಬೈಯುತ್ತಾರೆ ಅಂದುಕೊಂಡೆ. ಅವರು ಅಂಗಿಯ ತೋಳು ಮಡಚಿ, "ಏಳ್ರಿ ಅಮ್ಮ, ದಣಿದೀರಿ" ಎಂದು ತಾವೇ ತಿಕ್ಕಲು ಕೂತರು.

ನನಗೆ ಸಿಟ್ಟೇ ಬಂತು. "ಇದು ಮಿದುಳಿಗೆ ಮುಟ್ತತೇನ್ರಿ ಸರ್?"

"ಇಲ್ಲ." ಅವರ ಕೈ ನಿಲ್ಲಲಿಲ್ಲ. "ನನ್ನ ಔಷಧಿ ಇನ್ನೂ ಇಲಿ ದಾಟಿ ಮನುಷ್ಯರ ತನಕ ಬಂದಿಲ್ರಿ. ಬರೋತನಕ ಇವರ ಕೈ ಯಾರೂ ಹಿಡಿಬಾರ್ದೇನು?"